ನಮ್ಮ ಕ್ವಾಯರ್ ಮಾಸ್ಟ್ರು

ಕಳೆದ ಆಟಿ ತಿಂಗಳ ಮಳೆಯಲ್ಲಿ ನಮ್ಮ ಕ್ವಾಯರ್ ಮಾಸ್ಟ್ರನ್ನು ಮಣ್ಣು ಮಾಡಿ ಬಂದೆವು. ಮಂಗಳೂರಿನ ನಮ್ಮ ಶಾಲೆಯಲ್ಲಿ ಅವರು ಕನ್ನಡ ಪಂಡಿತರು. ಆವರಣದಾಚೆಯ ಚರ್ಚಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಗಾಯನ ವೃಂದ ನಡೆಸಿದವರು. ಹತ್ತನೇ ತರಗತಿಯ ಪಾಠಗಳೆಲ್ಲ ಎಲ್ಲಿ ಹೋದವೋ! ಶನಿವಾರ ಸಂಜೆ ಅವರು ಒಂದೇ ಸ್ವರ ನುಡಿಯುವ ಲೋಹದ ಕವಲು, ಆ ಟ್ಯೂನಿಂಗ್ ಫೋರ್ಕನ್ನು, ಮಂಡಿಗೆ ತಟ್ಟಿ, ಕಿವಿಯ ಬಳಿ ಹಿಡಿದು, ಕಣ್ಣು ಮುಚ್ಚಿ ಸ್ವರ ಕೊಡುತ್ತಿದ್ದದ್ದು ಮಾತ್ರ ಈಗಲೂ ಕೇಳಿಸುತ್ತದೆ.

ನಾನು ಹಿಂದೂ ಮನೆಯ ಹುಡುಗ. ನನ್ನ ಕಂಠ ಒಡೆದ ವರ್ಷ ಅವರೇ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, "ಬೇಸ್ ಹಾಡುವವರು ಸಿಗುವುದೇ ಕಷ್ಟ ಶೆಟ್ರೇ, ಹುಡುಗನನ್ನು ಕಳಿಸಿಕೊಡಿ" ಎಂದು ಅಪ್ಪನನ್ನು ಕೇಳಿಕೊಂಡರು. ಅಪ್ಪ ಇಲ್ಲವೆನ್ನಲಿಲ್ಲ.

ಚರ್ಚಿನಲ್ಲಿ ಕಾಲಿನಿಂದ ತುಳಿಯುವ ಹಳೆಯ ಹಾರ್ಮೋನಿಯಂ ಒಂದಿತ್ತು. ಮಳೆಗಾಲದಲ್ಲಿ ಮರ ಉಬ್ಬಿ ಕೀಲಿಗಳು ಕಚ್ಚಿಕೊಳ್ಳುತ್ತಿದ್ದವು. ಮಾಸ್ಟ್ರು ಅದರ ಹೊಟ್ಟೆಯೊಳಗೆ ಬಲ್ಬೊಂದನ್ನು ಉರಿಸಿಟ್ಟು, ಎಳೆಮಗುವಿಗೆ ಕಾವು ಕೊಟ್ಟ ಹಾಗೆ ರಾತ್ರಿಯಿಡೀ ಬೆಚ್ಚಗಿಡುತ್ತಿದ್ದರು.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರೊಂದಿಗೆ ಬಂದ ಜರ್ಮನ್ ಧಾಟಿಗಳಿಗೆ ಕನ್ನಡದ ಮಾತು ಕೂಡಿಸಿದಾಗ ಹ್ರಸ್ವವೆಲ್ಲ ದೀರ್ಘವಾಗುವ ಅಪಾಯವಿತ್ತು. ಮಾಸ್ಟ್ರಿಗೆ ಅದು ಸಹಿಸದು. ಕೀರ್ತನೆಯ ಸಾಲನ್ನು ಹಲಗೆಯ ಮೇಲೆ ಬರೆದು ಲಘು ಗುರು ಹಾಕುತ್ತಿದ್ದರು. "ಕೃಪೆ ಎಂಬಲ್ಲಿ ಎರಡೂ ಲಘು. ಅದನ್ನು ಕೃಪೇ ಎಂದು ಜಗ್ಗಬೇಡಿ. ದೇವರ ಕೃಪೆ ಎನ್ನುವಾಗ 'ದೇ'ಯನ್ನು ಎಳೆಯಿರಿ, ಅದು ತಡೆದುಕೊಳ್ಳುತ್ತದೆ" ಎನ್ನುತ್ತಿದ್ದರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಇದೇ ಊರಿನಲ್ಲಿ ಅಚ್ಚು ಹಾಕಿಸಿದ ಕಿಟೆಲರ ಹೆಸರನ್ನು ಅಂಥ ಹೊತ್ತಿನಲ್ಲಿ ತಪ್ಪದೆ ಎತ್ತುತ್ತಿದ್ದರು. ಛಂದಸ್ಸು ನನ್ನ ತಲೆಗೆ ಹತ್ತಿದ್ದು ತರಗತಿಯಲ್ಲಲ್ಲ, ಗಂಡಸರ ಏರುದನಿಯಾದ ಟೆನರ್‌ ಹಾಡುವವರ ಹಿಂದೆ ನಿಂತು.

ಒಂದು ಡಿಸೆಂಬರಿನಲ್ಲಿ ನಾನೂ ಗೆಳೆಯನೊಬ್ಬನೂ ಆ ಫೋರ್ಕನ್ನು ಕದ್ದೊಯ್ದು ಶಾಲೆಯ ಬಾವಿಕಟ್ಟೆಗೆ ತಟ್ಟಿ ಆಡುತ್ತಿದ್ದೆವು. ಕೈ ಜಾರಿತು. ನೀರಿಗೆ ಬಿದ್ದ ಸದ್ದೂ ಸಣ್ಣದು. ಸಂಜೆ ಮಾಸ್ಟ್ರು ಜೇಬು ತಡವಿದರು, ನಮ್ಮ ಮುಖ ನೋಡಿದರು, ಏನೂ ಕೇಳದೆ ನೆನಪಿನಿಂದಲೇ ಸ್ವರ ಕೊಟ್ಟರು. ಕ್ರಿಸ್ಮಸ್ ಮುಗಿದ ಮರುದಿನ ನಾನೇ ಹೋಗಿ ಒಪ್ಪಿಕೊಂಡೆ. "ಹಾಗಾದರೆ ಇನ್ನು ಮೇಲೆ ಫೋರ್ಕ್ ನೀನೇ ಮಾರಾಯ" ಎಂದರು. ಪ್ರತಿ ಶನಿವಾರ ಎಲ್ಲರಿಗಿಂತ ಮೊದಲು ನಾನು ಫೋರ್ಕಿನ ಆ 'ಎ' ಸ್ವರವನ್ನು, ಸೆಕೆಂಡಿಗೆ 440 ಕಂಪನದ ಸ್ವರವನ್ನು, ಹುಡುಕಿ ಹಾಡಬೇಕು. ಅವರು ಹಾರ್ಮೋನಿಯಂ ಒತ್ತಿ ನೋಡುವರು. ಜನವರಿಯಿಡೀ ತಪ್ಪಿತು. ಮಾರ್ಚಿನಲ್ಲಿ ಒಂದು ಸಂಜೆ ಕೂಡಿತು. ಆಗ ಅವರು ನನ್ನ ಹೆಗಲ ಮೇಲಿಟ್ಟ ಕೈಯ ಭಾರ ಇನ್ನೂ ಇಳಿದಿಲ್ಲ.

ಈಗ ಬೆಂಗಳೂರಿನಲ್ಲಿ ನಾನೇ ನಲವತ್ತು ಜನರ ವೃಂದವೊಂದನ್ನು ನಡೆಸುತ್ತೇನೆ. ಯಾವ ವಾದ್ಯದ ನೆರವೂ ಇಲ್ಲದೆ ಶ್ರುತಿ ಕೊಡುತ್ತೇನೆಂದು ನನ್ನ ಹಾಡುಗಾರರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನನಗೂ ಹೆಮ್ಮೆಯಿದೆ. ಆದರೆ ಅನೇಕ ಶಾಲೆಗಳಲ್ಲಿ ಸಂಗೀತದ ಪಿರಿಯಡ್ಡನ್ನು ನೀಟ್, ಸಿಇಟಿ ತರಬೇತಿ ನುಂಗಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ವಾರ್ಷಿಕೋತ್ಸವದಲ್ಲಿ ಮಕ್ಕಳು ರೆಕಾರ್ಡಿಗೆ ತುಟಿ ಆಡಿಸುತ್ತಾರೆ. ಪಕ್ಕದವನ ದನಿ ಕೇಳಿಸುವಷ್ಟು ಮೆಲ್ಲಗೆ ಹಾಡು ಎಂದು ಅವರಿಗೆ ಹೇಳಿಕೊಡುವವರು ಯಾರು?

ಮಣ್ಣು ಮುಗಿಸಿದ ಮೇಲೆ ಶಾಲೆಯ ಹಿಂದಕ್ಕೆ ಹೋದೆ. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ನೀರು ಕಟ್ಟೆಯ ಸಮೀಪಕ್ಕೆ ಏರಿತ್ತು. ಕೊಡೆ ಮಡಿಸಿಟ್ಟು, ಜಾಲರಿಯ ಮೇಲೆ ಬಾಗಿ, ಆ 'ಎ' ಸ್ವರವನ್ನು ಮೆಲ್ಲಗೆ ಹಾಡಿದೆ.