ಬಾಯಿಬಿಟ್ಟು ಓದಿದ ಕಥೆಗಳು

ನಮ್ಮ ಕನ್ನಡ ಮೇಡಂ ಯಾರ ಕಥೆಯನ್ನೂ ಚೆನ್ನಾಗಿದೆ ಅನ್ನುತ್ತಿರಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನುತ್ತಿರಲಿಲ್ಲ. ಓದಿಸುತ್ತಿದ್ದರು, ಅಷ್ಟೇ. ಅದೂ ಬರೆದವರ ಕೈಲಲ್ಲ, ಪಕ್ಕದಲ್ಲಿ ಕೂತವರ ಕೈಲಿ. ಬರೆದವರು ಸುಮ್ನೆ ಕೂತು ಕೇಳಬೇಕು.

ಆಗ ಇದೇನು ಶಿಕ್ಷೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಬರೆದ ಮೇಲೆ ಹೇಳುತ್ತಿದ್ದೇನೆ, ಬರವಣಿಗೆ ತಿದ್ದಿಕೊಳ್ಳೋಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ. ನಮ್ಮ ಕಥೆಯನ್ನು ನಾವೇ ಓದಿದರೆ ಎಲ್ಲಿ ಒತ್ತು ಕೊಡಬೇಕು, ಎಲ್ಲಿ ನಿಲ್ಲಬೇಕು ಅನ್ನೋದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಕುಂಟುವ ವಾಕ್ಯವನ್ನೂ ದನಿಯಲ್ಲೇ ಸರಿಮಾಡಿಕೊಂಡು ಮುಂದೆ ಹೋಗಿಬಿಡುತ್ತೇವೆ. ಬೇರೆಯವರು ಓದುವಾಗ ಎಡವುತ್ತಾರೆ. ಎಡವಿದ ಕಡೆ ಪೆನ್ಸಿಲ್ ಗುರುತು ಹಾಕಿ. ಮೇಡಂ ಮಾಡಿಸುತ್ತಿದ್ದದ್ದು ಇಷ್ಟೇ.

ಹಾಗೆ ಕೇಳುವಾಗಲೇ ಗೊತ್ತಾಗುವ ಒಂದು ತೊಂದರೆ ಇದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ ಅಲ್ವಾ? ಬಂದನು, ಕೂತನು, ನೋಡಿದನು, ಎದ್ದನು ಅಂತ ಬರೆಯುತ್ತಾ ಹೋದರೆ ಪ್ರತಿ ವಾಕ್ಯವೂ ಒಂದೇ ಸದ್ದಿನಲ್ಲಿ ಮುಗಿಯುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ, ಕಿವಿಗೆ ತಕ್ಷಣ ತಾಕುತ್ತದೆ. ಎರಡು ಕ್ರಿಯೆಗಳನ್ನು 'ಬಂದು ಕೂತ' ಅಂತ ಸೇರಿಸಬಹುದು. ನಡುವೆ ಒಂದು ಮಾತು ತರಬಹುದು. 'ಬಂದೇಬಿಟ್ಟ ಅವನು' ಅಂತ ಮಾತಾಡುವ ಹಾಗೆ ತಿರುಗಿಸಲೂಬಹುದು, ಆದರೆ ಅದನ್ನು ಜಾಸ್ತಿ ಮಾಡಬಾರದು.

ಒಂದು ತರಗತಿ ಮಾತ್ರ ಚೆನ್ನಾಗಿ ನೆನಪಿದೆ. ಗೆಳತಿಯೊಬ್ಬಳ ಕಥೆಯಲ್ಲಿ 'ಮಗ ಮನೆಬಿಟ್ಟು ಹೋದ ಮೇಲೆ ತಾಯಿ ಅಪಾರ ದುಃಖದಲ್ಲಿ ಮುಳುಗಿದಳು' ಅಂತ ಇತ್ತು. ಮೇಡಂ ಓದುತ್ತಿದ್ದವರನ್ನು ನಿಲ್ಲಿಸಿ, "ಆಗ ಅವಳ ಕೈ ಏನು ಮಾಡ್ತಿತ್ತಮ್ಮಾ?" ಅಂತ ಕೇಳಿದರು. ಅವಳು ತುಂಬಾ ಹೊತ್ತು ಯೋಚಿಸಿದಳು. ಯಾರೂ ಮಾತಾಡಲಿಲ್ಲ. ಆಮೇಲೆ ಆ ಸಾಲನ್ನು ಹೊಡೆದು ಹಾಕಿ ಬರೆದಳು: 'ಮಡಚಿಟ್ಟಿದ್ದ ಅವನ ಅಂಗಿಯನ್ನೇ ಬಿಚ್ಚಿ, ಕೊಡವಿ, ಮತ್ತೆ ಮಡಚಿದಳು.' ದುಃಖ ಅನ್ನುವ ಪದವೇ ಇಲ್ಲ, ಆದರೂ ಎಲ್ಲರಿಗೂ ಅರ್ಥವಾಯಿತು. ನಿಮ್ಮ ಕಥೆಯಲ್ಲಿ ದುಃಖ, ಸಂತೋಷ, ಕೋಪ, ಭಯ ಅನ್ನುವ ಪದಗಳಿಗೆಲ್ಲ ಗೆರೆ ಹಾಕಿ, ಒಂದೊಂದರ ಮುಂದೆಯೂ ಇದೇ ಪ್ರಶ್ನೆ ಕೇಳಿಕೊಳ್ಳಿ. ಎಲ್ಲವನ್ನೂ ಬದಲಿಸಬೇಕಂತಿಲ್ಲ. ಕೆಲವು ಕಡೆ 'ಅವನಿಗೆ ಕೋಪ ಬಂತು' ಅನ್ನೋದೇ ಸಾಕು.

ಸಂಭಾಷಣೆ ಬರೆಯುವಾಗ ಪುಸ್ತಕದ ಭಾಷೆ ಬಿಡಿ. ಹತ್ತು ವರ್ಷದ ಹುಡುಗ 'ನಾನು ಬಹಳ ಬೇಸರಗೊಂಡಿದ್ದೇನೆ' ಅನ್ನುವುದಿಲ್ಲ. 'ಎಂದು ಆಕ್ರೋಶದಿಂದ ಗುಡುಗಿದನು' ಕೂಡ ಬೇಡ, ಮಾತಿನಲ್ಲೇ ಸಿಟ್ಟು ಇದ್ದರೆ 'ಅಂದ' ಸಾಕು.

ಇನ್ನು ತಿದ್ದುವ ವಿಷಯ. ಅಮೆರಿಕದ ಲೇಖಕ ಹೆಮಿಂಗ್ವೇ 1929ರಲ್ಲಿ ಪ್ರಕಟವಾದ ತಮ್ಮ ಯುದ್ಧದ ಕಾದಂಬರಿಯ ಕೊನೆಯ ಪುಟವನ್ನು 39 ಸಲ ಬರೆದೆ ಅಂತ ಸಂದರ್ಶನವೊಂದರಲ್ಲಿ ಹೇಳಿದ್ದರು. 2012ರಲ್ಲಿ ಬಂದ ಆವೃತ್ತಿಯಲ್ಲಿ ಅದರ 47 ಬಗೆಯ ಮುಕ್ತಾಯಗಳೇ ಸಿಕ್ಕವು. ನಾವೆಲ್ಲ ಅಷ್ಟು ಸಲ ಬರೆಯಬೇಕಂತಲ್ಲ, ಆದರೆ ಮೊದಲ ಸಲ ಬಂದದ್ದೇ ಕೊನೆಯದು ಅಂತ ಒಪ್ಪಿಕೊಂಡುಬಿಡಬೇಡಿ. ಬರೆದದ್ದನ್ನು ಒಂದು ವಾರ ಮುಟ್ಟದೆ ಇಡಿ. ಆಮೇಲೆ ತೆಗೆದು ಮೊದಲ ಪ್ಯಾರಾವನ್ನು ಮುಚ್ಚಿಟ್ಟು ಓದಿ. ಎಷ್ಟೋ ಕಥೆಗಳು ನಿಜವಾಗಿ ಶುರುವಾಗುವುದೇ ಎರಡನೇ ಪ್ಯಾರಾದಲ್ಲಿ, ಮೊದಲನೆಯದು ನಾವು ಬರೆಯೋಕೆ ಕೈ ಪಳಗಿಸಿಕೊಂಡದ್ದು ಅಷ್ಟೇ.

ಈಗ ನೀವೆಲ್ಲ ಮೊಬೈಲಿನಲ್ಲೇ ಬರೆಯುತ್ತೀರಿ. ಅಲ್ಲಿ ತಿದ್ದಿದರೆ ಹಳೆಯದು ಕಣ್ಮರೆಯಾಗುತ್ತದೆ. ತಿದ್ದುವ ಮುಂಚೆ ಒಂದು ನಕಲು ತೆಗೆದು ತಾರೀಖು ಹಾಕಿಡಿ. ಮೂರನೇ ಸಲ ಬರೆಯುವಾಗ, ಮೊದಲ ಸಲ ಸಲೀಸಾಗಿ ಬಂದಿದ್ದ ಯಾವುದೋ ಒಂದು ವಾಕ್ಯ ಬೇಕೇ ಬೇಕು ಅನ್ನಿಸುತ್ತದೆ, ಆಗ ಹುಡುಕೋಕೆ ಅದು ಇರಬೇಕು.