ಹಂದಿಗೆ ಕೆದಕಲು ಏನಾದರೂ ಬೇಕು
ಕಾರವಾರದ ಹತ್ತಿರ ಪರಿಚಯದವರೊಬ್ಬರು ಎರಡು ಹಂದಿ ಸಾಕಿದ್ದಾರೆ. ಸಿಮೆಂಟ್ ನೆಲ, ದಿನಾ ತೊಳೆಯುತ್ತಾರೆ, ಹೊಟ್ಟೆಗೂ ಕಡಿಮೆ ಮಾಡಿಲ್ಲ. ಆದರೂ ಒಂದು ಹಂದಿ ಇನ್ನೊಂದರ ಬಾಲ ಕಚ್ಚಿ ಗಾಯ ಮಾಡಿತ್ತು. ನೋಡಿ ತುಂಬಾ ಬೇಜಾರಾಯಿತು.

ಹಂದಿಯ ಮೂತಿ ಇರುವುದೇ ಮಣ್ಣು ಕೆದಕಲಿಕ್ಕೆ, ಅಲ್ವಾ? 1980ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದ ಸಂಶೋಧಕರು ಫಾರ್ಮಿನ ಹಂದಿಗಳನ್ನು ಮರ, ಪೊದೆ ಇರುವ ಜಾಗದಲ್ಲಿ ಬಿಟ್ಟು ನೋಡಿದರು. ಹಗಲಿನ ಅರ್ಧದಷ್ಟು ಹೊತ್ತು ಅವು ಕೆದಕುತ್ತಾ, ಮೇಯುತ್ತಾ ಕಳೆದವು, ಮಲಗುವ ಜಾಗದಿಂದ ದೂರ ಹೋಗಿಯೇ ಗಲೀಜು ಮಾಡಿದವು, ಮರಿ ಹಾಕುವ ಮುಂಚೆ ಹೆಣ್ಣು ಹಂದಿ ಗುಂಪು ಬಿಟ್ಟು ಹೋಗಿ ಹುಲ್ಲು, ಕಡ್ಡಿ ತಂದು ಗೂಡು ಕಟ್ಟಿಕೊಂಡಿತು. ತಲೆತಲಾಂತರ ದೊಡ್ಡಿಯಲ್ಲೇ ಬೆಳೆದರೂ ಆ ಆಸೆ ಹೋಗಿಲ್ಲ. ಬರೀ ಸಿಮೆಂಟ್ ಮೇಲೆ ಆ ಮೂತಿಗೆ ಕೆಲಸ ಇಲ್ಲ, ಆಗ ಪಕ್ಕದ ಹಂದಿಯ ಬಾಲ, ಕಿವಿಯೇ ಸಿಗುವುದು.

ಹಾಗಂತ ಸುಮ್ನೆ ಬಯಲಿಗೆ ಬಿಡಿ ಎನ್ನುತ್ತಿಲ್ಲ. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ, ಅದಕ್ಕೇ ಕೆಸರಲ್ಲಿ ಹೊರಳುತ್ತದೆ. ಬಿಳಿ ಹಂದಿಯ ಚರ್ಮ ಬಿಸಿಲಿಗೆ ಸುಡುತ್ತದೆ. ಹೊರಗೆ ಜಂತುಹುಳದ ಕಾಟ ಜಾಸ್ತಿ. ಕಾಡುಹಂದಿ ಬಂದು ಸೇರಿದರೆ ಆಫ್ರಿಕನ್ ಹಂದಿಜ್ವರದ ಭಯ, ಬಂದರೆ ಮದ್ದೇ ಇಲ್ಲ. ನಮ್ಮ ಕರಾವಳಿಯ ಮಳೆಗಾಲವಂತೂ ಕೇಳುವುದೇ ಬೇಡ.

ನನಗೆ ಸರಿ ಅನ್ನಿಸುವುದು ಅರ್ಧ ಜಾಗಕ್ಕೆ ಸೂರು, ಇನ್ನರ್ಧ ಬೇಲಿ ಹಾಕಿದ ಅಂಗಳ. ಅದಕ್ಕೆ ಜಾಗ ಇಲ್ಲದಿದ್ದರೆ ಒಳಗೇ ಭತ್ತದ ಹುಲ್ಲು, ದರಕು (ಒಣಗಿದ ಎಲೆ) ಹಾಸಿ. ಅವರಿಗೂ ಅದನ್ನೇ ಹೇಳಿದೆ. ಮೊನ್ನೆ ಹೋದಾಗ ಎರಡೂ ಹಂದಿಗಳು ದರಕಿನೊಳಗೆ ಮೂತಿ ಹುಗಿದುಕೊಂಡು ಕೆದಕುತ್ತಿದ್ದವು, ನಾನು ಕರೆದರೂ ತಲೆ ಎತ್ತಲಿಲ್ಲ.