ರಿಲೇ ಫಾರಂನಲ್ಲಿ ಗೀಟು ಹಾಕಿದ ಹೆಸರು

4×400 ಮೀಟರ್ ರಿಲೇ ಫೈನಲ್‌ಗೆ ಕೊಟ್ಟ ಫಾರಂನ ಕಚ್ಚಾ ಪ್ರತಿ ಇನ್ನೂ ನನ್ನ ಕಿಟ್ ಬ್ಯಾಗಿನಲ್ಲಿದೆ. ಥರ್ಡ್ ಲೆಗ್, ಅಂದರೆ ಮೂರನೆಯದಾಗಿ ಓಡುವವರ ಜಾಗದ ಎದುರಿಗೆ ಒಂದು ಹೆಸರು ಬರೆದು, ಗೀಟು ಎಳೆದು, ಪಕ್ಕದಲ್ಲಿ ಇನ್ನೊಂದು ಹೆಸರು ಬರೆದಿದ್ದೇನೆ. ಎಸೆಯೋಣ ಅಂತ ಎಷ್ಟೋ ಸಲ ಕೈಗೆತ್ತಿಕೊಂಡಿದ್ದೇನೆ, ಆಗಿಲ್ಲ.

ಗೀಟು ಬಿದ್ದ ಹುಡುಗಿಯ ಸೀಸನ್ ಬೆಸ್ಟ್ 400 ಮೀಟರಿಗೆ 56.8 ಸೆಕೆಂಡು. ಬದಲಿಗೆ ಹಾಕಿದವಳದ್ದು 58.4. ನಾವು ನಾಲ್ಕನೆಯವರಾದೆವು. ಮೂರನೇ ಸ್ಥಾನ ತಪ್ಪಿದ್ದು 0.7 ಸೆಕೆಂಡಿನಲ್ಲಿ. ಈ ಲೆಕ್ಕ ಮಾಡಲು ಯಾರಿಗೂ ಕೋಚ್ ಬೇಕಿಲ್ಲ.

ಅದು ರಂಜಾನ್ ತಿಂಗಳು. ಮೀಟ್‌ನ ದಿನಾಂಕ ಗೊತ್ತು ಮಾಡಿದವರು ಅದನ್ನು ನೋಡಿರಲಿಲ್ಲ. ಸಾಲದ್ದಕ್ಕೆ ಬೆಳಗಿನ ಫೈನಲ್ ಅನ್ನು ಸಂಜೆ ಐದಕ್ಕೆ ತಳ್ಳಿ, ಹಿಂದಿನ ರಾತ್ರಿ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಓಟಗಾರರನ್ನು ಕರೆಯುವ ಫಸ್ಟ್ ಕಾಲ್‌ಗೆ ಒಂದು ಗಂಟೆ ಮೊದಲೇ ಯಾರು ಯಾವ ಲೆಗ್ ಓಡುತ್ತಾರೆ ಅನ್ನುವ ಆರ್ಡರ್ ಕೊಡಬೇಕು. ನಾನು ಫಾರಂ ಹಿಡಿದು ಕೌಂಟರ್ ಮುಂದೆ ನಿಂತಾಗ ಹನ್ನೊಂದು ನಿಮಿಷ ಉಳಿದಿತ್ತು.

ಬೆಳಿಗ್ಗೆ ತಿಂಡಿಯ ಹೊತ್ತಿನಲ್ಲಿ ಅವಳು ಕಂಡಿರಲಿಲ್ಲ. ವಾರ್ಮ್ ಅಪ್‌ನಲ್ಲಿ ನಾನು ನೀರಿನ ಬಾಟಲಿ ಚಾಚಿದರೆ, ಬೇಡ ಸರ್ ಅಂತ ತಲೆಯಾಡಿಸಿದಳು. ನನಗೆ ಅಷ್ಟೇ ಸಾಕಾಯಿತು. ಪಕ್ಕದಲ್ಲಿದ್ದ ಮ್ಯಾನೇಜರ್, "ರೋಜಾ ಉಪವಾಸ ಇರೋರನ್ನ ಹಾಕಿ ರಿಸ್ಕ್ ಯಾಕೆ ಸರ್, ಕೊನೇ ನೂರು ಮೀಟರ್‌ನಲ್ಲಿ ಸತ್ತು ಹೋಗ್ತಾಳೆ" ಅಂದರು. ಅವರ ಮೇಲೆ ತಪ್ಪು ಹೊರಿಸುವುದಿಲ್ಲ. ಅವರು ಹೇಳುವ ಮೊದಲೇ ನಾನು ಪೆನ್ನಿನ ಕ್ಯಾಪ್ ತೆಗೆದಾಗಿತ್ತು. ಸಂಜೆಯ ಬಿಸಿಲು, ಇಡೀ ದಿನ ನೀರಿಲ್ಲದ ದೇಹ, ಅವಳ ಒಳ್ಳೆಯದಕ್ಕೇ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅವಳು ನಲವತ್ತು ಹೆಜ್ಜೆ ದೂರದಲ್ಲಿ ಸ್ಪೈಕ್ಸ್‌ನ ಲೇಸ್ ಬಿಗಿಯುತ್ತಿದ್ದಳು. ಹೋಗಿ ಒಂದು ಮಾತು ಕೇಳಿ ಬರಲು ಎರಡು ನಿಮಿಷ ಸಾಕಿತ್ತು. ಹನ್ನೊಂದು ನಿಮಿಷವಿದ್ದೂ ಹೋಗಲಿಲ್ಲ.

ಹೆಸರು ತೆಗೆದೆ ಅಂತ ಹೇಳಿದಾಗ ಅವಳು ಏನೂ ಕೇಳಲಿಲ್ಲ. ಲೇಸ್ ಬಿಚ್ಚಿ, ಬ್ಯಾಟನ್ ಅನ್ನು ಇನ್ನೊಬ್ಬಳ ಕೈಗೆ ಕೊಟ್ಟಳು. ರೇಸ್ ನಡೆಯುವಾಗ ಇನ್ನೂರರ ಗುರುತಿನ ಹತ್ತಿರ ರೇಲಿಂಗ್ ಹಿಡಿದು ಗಂಟಲು ಹರಿಯುವ ಹಾಗೆ ಕೂಗಿದಳು.

ರಾತ್ರಿ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿಗೆ ಬಂದು ಕೂತಳು. "ಸರ್, ಇವತ್ತು ನಾನು ರೋಜಾ ಇಟ್ಟಿರಲಿಲ್ಲ. ಪ್ರಯಾಣದಲ್ಲಿ ಇರೋರು ಬಿಟ್ಟು ಆಮೇಲೆ ಇಡಬಹುದು. ತಿಂಗಳ ಹಿಂದೆಯೇ ಮನೇಲಿ ಮಾತಾಡಿ ಬಂದಿದ್ದೆ. ತಿಂಡಿ ಬೇಗ ಮುಗಿಸಿದ್ದೆ. ನೀರು ನನ್ನ ಬ್ಯಾಗಲ್ಲೇ ಇತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಕೇಳಿದ್ದರೆ ಹೇಳ್ತಿದ್ದೆ" ಅಂದಳು.

ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. 2012ರ ಲಂಡನ್ ಒಲಿಂಪಿಕ್ಸ್ ರಂಜಾನ್ ತಿಂಗಳಲ್ಲೇ ನಡೆಯಿತು. ಬ್ರಿಟನ್ನಿನ ಓಟಗಾರ ಮೊ ಫರಾ ಉಪವಾಸವನ್ನು ಮುಂದಕ್ಕೆ ಹಾಕಿ 10,000 ಮತ್ತು 5,000 ಮೀಟರ್ ಎರಡರಲ್ಲೂ ಚಿನ್ನ ಗೆದ್ದ. ಇದನ್ನು ನಾನೇ ಹುಡುಗರಿಗೆ ಹೇಳಿದ್ದೇನೆ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆಯನ್ನಂತೂ ಪ್ರತಿ ಸೀಸನ್ ಹೇಳುತ್ತೇನೆ: 1924ರ ಪ್ಯಾರಿಸ್‌ನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಬಂತು, ಭಾನುವಾರ ದೇವರ ದಿನ ಅಂತ ಆತ ಓಡಲಿಲ್ಲ, ರಿಲೇಗಳನ್ನೂ ಬಿಟ್ಟ, 400ರಲ್ಲಿ 47.6 ಸೆಕೆಂಡಿಗೆ ಚಿನ್ನ ತಂದ. ನಂಬಿಕೆ ಅಂದರೆ ಹೀಗಿರಬೇಕು ಅಂತ ಕಣ್ಣರಳಿಸಿ ಹೇಳುತ್ತಿದ್ದೆ. ಆ ಕಥೆಯಲ್ಲಿ ಒಬ್ಬ ಕೋಚ್ ಗಮನಿಸಬೇಕಾದದ್ದನ್ನು ಮಾತ್ರ ಗಮನಿಸಿರಲಿಲ್ಲ. ಲಿಡೆಲ್‌ಗೆ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು, ನಿರ್ಧಾರವನ್ನೂ ಮೊದಲೇ ತಿಳಿಸಿದ್ದ, ಅದಕ್ಕೇ 400ಕ್ಕೆ ತಯಾರಾಗಲು ಸಮಯ ಸಿಕ್ಕಿತು. ನಮ್ಮ ಹುಡುಗಿಯೂ ತಿಂಗಳ ಮೊದಲೇ ತೀರ್ಮಾನ ಮಾಡಿಕೊಂಡಿದ್ದಳು. ಅವಳ ಬಾಯಿಂದ ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ.

ಮನೆಗೆ ಬಂದು ಅವಳ ಟ್ರೈನಿಂಗ್ ಲಾಗ್ ತೆರೆದೆ. ರಂಜಾನ್‌ನ ಮೊದಲ ವಾರ ಮತ್ತೆ ಮತ್ತೆ ಓಡುವ 300 ಮೀಟರಿನ ರೆಪ್‌ಗಳು ನಿಧಾನವಾಗಿದ್ದವು. ಎರಡನೇ ವಾರದಿಂದ ಸೆಷನ್ ಅನ್ನು ಇಫ್ತಾರ್, ಅಂದರೆ ಸಂಜೆ ಉಪವಾಸ ಬಿಡುವುದು, ಆದ ಮೇಲಿನ ಹೊತ್ತಿಗೆ ಬದಲಿಸಿಕೊಂಡಿದ್ದಳು, ಟೈಮಿಂಗ್ ಮೊದಲಿನ ಮಟ್ಟಕ್ಕೆ ಬಂದಿತ್ತು. ದೀಪದ ಬೆಳಕಲ್ಲಿ ಒಬ್ಬಳೇ ಓಡಿ, ಒಬ್ಬಳೇ ಬರೆದಿಟ್ಟಿದ್ದಳು. ಮೂರು ವಾರ ಆ ಪುಟಗಳಿಗೆ ನಾನು ಸಹಿ ಹಾಕಿದ್ದೆ, ಓದಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ ಫಾರಂನ ಮೊದಲ ಹೆಸರು. ಫಸ್ಟ್ ಲೆಗ್ ಓಡಿದ ಹುಡುಗಿ ವಾರಕ್ಕೊಂದು ದಿನ ವ್ರತ ಮಾಡುತ್ತಾಳೆ, ಫೈನಲ್ ಇದ್ದದ್ದು ಅದೇ ವ್ರತದ ದಿನ. "ಗ್ಲೂಕೋಸ್ ಆದರೂ ಕುಡಿ ಮಗಾ" ಅಂದಿದ್ದೆ, ಅಷ್ಟೇ. ಅವಳ ಹೆಸರಿನ ಮೇಲೆ ನನ್ನ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ಅವಳದ್ದು ನನಗೆ ದೃಢತೆಯಾಗಿ ಕಂಡಿತು, ಇವಳದ್ದು ರಿಸ್ಕ್ ಆಗಿ ಕಂಡಿತು. ನಾನು ಅಂಥವನಲ್ಲ ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ.

ಮುಂದಿನ ವಾರ ಇಡೀ ಟೀಮ್ ಮುಂದೆ ಅವಳ ಕ್ಷಮೆ ಕೇಳಿದೆ. ಆಫೀಸಿಗೆ ಪತ್ರ ಬರೆದು, ಕ್ಯಾಲೆಂಡರ್ ಮಾಡುವಾಗಲೇ ಓಟಗಾರರ ಉಪವಾಸ, ಪ್ರಾರ್ಥನೆಯ ದಿನಗಳನ್ನು ಗಮನಿಸಿ ಅಂತ ಕೇಳಿದೆ. ಉತ್ತರ ಬಂದಿಲ್ಲ. ಈಗ ಸೀಸನ್ ಶುರುವಾಗುವ ಮೊದಲು ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ ಕೂರಿಸಿಕೊಂಡು, ಯಾವ ದಿನಗಳಲ್ಲಿ ಟ್ರೈನಿಂಗ್ ಬದಲಾಗಬೇಕು ಅಂತ ಕೇಳುತ್ತೇನೆ. ಎಲ್ಲರ ಎದುರಿಗೆ ಕೇಳಿದರೆ ಹೇಳುವುದಿಲ್ಲ, ಅದೂ ಗೊತ್ತಾಗಿದೆ.

ಈ ಸಲ ಮೊದಲು ಬಂದವಳು ಅವಳೇ. ಕ್ಯಾಲೆಂಡರ್‌ನಲ್ಲಿ ರಂಜಾನ್ ತಿಂಗಳನ್ನು ಗುರುತು ಮಾಡಿ, ಸೆಷನ್‌ಗಳನ್ನು ರಾತ್ರಿಗೆ ಬರೆದುಕೊಂಡು ತಂದಿದ್ದಳು. ಥರ್ಡ್ ಲೆಗ್ ನಿನ್ನದೇ, ಯೋಚನೆ ಬೇಡ ಅಂದೆ.

"ಥರ್ಡ್ ಬೇಡ ಸರ್," ಅಂದಳು. "ನನಗೆ ಕೊನೇ ಲೆಗ್ ಬೇಕು, ಆ್ಯಂಕರ್."